ನೂರಹದಿನಾಲ್ಕನೆಯ ನಂಬರಿನ ಕೋಟು

ಗಂಡನ ಶವಪೆಟ್ಟಿಗೆಯ ತಲೆದೆಸೆಯಲ್ಲಿ ಕೂತು ಲಮಾರಾ ಬಾಯಿ ತೆರೆದಾಗ ಹೊರಬಿದ್ದ ಮಾತು ಇದು: “ಆದರಣೀಯ ಸಂದರ್ಶಕರೇ, ದಯವಿಟ್ಟು ವಸ್ತುಗಳನ್ನು ಮುಟ್ಟಬಾರದು.”

ಅಳಬೇಕಾಗಿತ್ತು. ಗುರಿಯಾ ಸೀಮೆಯಲ್ಲಿ ಹೆಂಗಸರು ಪೆಟ್ಟಿಗೆಯ ಸುತ್ತ ಕುರ್ಚಿ ಹಾಕಿಕೊಂಡು ಕೂತು, ಸತ್ತವನನ್ನು ಹೆಸರು ಹಿಡಿದು ಕರೆದು, ಯಾಕೆ ಎದ್ದು ಹೋದೆ, ಯಾರನ್ನು ಕೇಳಿ ಹೋದೆ, ದ್ರಾಕ್ಷಿ ಚಪ್ಪರ ಕಟ್ಟುವವರು ಯಾರು ಎಂದು ರಾಗವಾಗಿ ಜಗಳ ತೆಗೆದು ಅಳುತ್ತಾರೆ. ಮೊದಲ ಸರದಿ ಹೆಂಡತಿಯದು. ಮೂವತ್ತೈದು ವರ್ಷ ಜಗಳವಾಡಿದವಳಿಗೆ ಕೊನೆಯದೊಂದು ಜಗಳಕ್ಕೆ ಮಾತು ಸಿಗದೆ ಹೋಗುತ್ತದೆಯೇ? ಗುರಿಯಾದವರ ನಾಲಿಗೆ ಗುರಿ ತಪ್ಪುವುದಿಲ್ಲವೆಂದು ದೇಶಕ್ಕೆಲ್ಲ ಗೊತ್ತು. ಆದರೆ ಅವತ್ತು ಅದೇ ಹೊತ್ತಿಗೆ ದೂರದ ನೆಂಟನೊಬ್ಬ ಬಗ್ಗಿ ಪೆಟ್ಟಿಗೆಯಲ್ಲಿದ್ದ ಒತಿಯಾನ ಕೈ ಮುಟ್ಟಲು ಹೋದ. ಲಮಾರಾಳ ನಾಲಿಗೆ ತನಗೆ ಗೊತ್ತಿದ್ದ ದಾರಿ ಹಿಡಿಯಿತು. ನೆಂಟ ಬೆಚ್ಚಿ ಕೈ ಹಿಂದೆಳೆದುಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮಿನೊಳಗೆ ನಗು ಇತ್ತು. ಒತಿಯಾ ಬದುಕಿದ್ದರೆ ಆ ಕೆಮ್ಮನ್ನು ಇನ್ನೊಂದು ತಿಂಗಳು ಊರಿಗೆಲ್ಲ ಅಣಕಿಸಿ ತೋರಿಸುತ್ತಿದ್ದ.

ಒತಿಯಾನ ಅಕ್ಕ ಝುಝುನಾ ಮಾತ್ರ ಕೆಮ್ಮಲಿಲ್ಲ. ತಾನೇ ಮುಂದೆ ಬಂದು ಕೂತು, ಎರಡು ದಿನ ಗಂಟಲು ಕಟ್ಟುವ ತನಕ ತಮ್ಮನಿಗಾಗಿ ಅತ್ತಳು. ಮಣ್ಣು ಮಾಡಿ ಬಂದ ಸಂಜೆ ತಟ್ಟೆ ಒರೆಸುತ್ತ, ಮುಖ ನೋಡದೆ ಹೇಳಿದಳು: “ಆ ಕವಿಗೋಸ್ಕರ ಇಪ್ಪತ್ನಾಲ್ಕು ವರ್ಷ ದಿನಾ ಅತ್ತಿದೀಯ. ನನ್ನ ತಮ್ಮನಿಗೆ ಒಂದು ದಿನ ಆಗಲಿಲ್ಲ ನಿನ್ನ ಕೈಲಿ.”

ಮಾತು ಸುಳ್ಳಲ್ಲ. ಹಳ್ಳಿಯ ಮೇಲುಭಾಗದಲ್ಲಿ, ಹ್ಯಾಜಲ್ ಕಾಯಿಯ ತೋಟ ದಾಟಿದರೆ, ಕವಿ ಎರ್ಮಿಲೆ ಬೆರಾಜೆಯ ಮನೆಯಿದೆ. ಈಗ ಅದು ಮನೆಯೂ ಹೌದು, ಮ್ಯೂಸಿಯಮ್ಮೂ ಹೌದು. ಮುಂದಿನ ಮೂರು ಕೋಣೆ ಕವಿಗೆ. ಹಿಂದಿನ ಒಂದೂವರೆ ಕೋಣೆ ಕವಿಯ ಮಗಳು ಮಾರೆಖಿಗೆ. ಸಂಗ್ರಹಪಾಲಕಿ, ಮಾರ್ಗದರ್ಶಿ, ಟಿಕೆಟ್ ಹರಿಯುವವಳು, ಕಸ ಗುಡಿಸುವವಳು ಇವೆಲ್ಲ ಲಮಾರಾ ಒಬ್ಬಳೇ. ಕೈಯಲ್ಲಿ ತೋರುಗೋಲು, ಕೊರಳಲ್ಲಿ ಶಾಲು, ಬಾಯಲ್ಲಿ ನಲವತ್ತು ನಿಮಿಷದ ಪಾಠ. ಶಾಲೆಯ ಮಕ್ಕಳು ನೆಲ ಸವೆಯದಿರಲೆಂದು ಬೂಟಿನ ಮೇಲೆ ಬಟ್ಟೆಯ ಚಪ್ಪಲಿ ಏರಿಸಿಕೊಂಡು ನೆಲದ ಹಲಗೆಯ ಮೇಲೆ ಜಾರುತ್ತ ಬರುತ್ತಾರೆ. ಮೊದಲು ಮೇಜು, ಆಮೇಲೆ ಮಸಿಕುಡಿಕೆ, ಆಮೇಲೆ ಕವಿ ಜೇನುಗೂಡಿಗೆ ಹೊಗೆ ಹಾಕುತ್ತಿದ್ದ ಡಬ್ಬ. ಕೊನೆಗೆ ಗಾಜಿನ ಬೀರು. ಅದರೊಳಗೆ ಒಂಟಿಯಾಗಿ ತೂಗುವ ಕೋಟು.

“ಗಮನವಿಟ್ಟು ನೋಡಿ. ಸಾವಿರದ ಒಂಬೈನೂರ ಮೂವತ್ತೇಳರ ಆಗಸ್ಟ್ ತಿಂಗಳ ಬೆಳಗಿನ ಜಾವ ಕವಿಯವರನ್ನು ಮನೆಯಿಂದ ಬಂಧಿಸಿ ಕರೆದೊಯ್ಯಲಾಯಿತು. ಅಂದು ಸೆಖೆ ಇದ್ದುದರಿಂದ ಅವರು ಕೋಟನ್ನು ಧರಿಸಲಿಲ್ಲ. ಕೋಟು ಮೊಳೆಯಲ್ಲೇ ಉಳಿಯಿತು. ಕವಿಯವರು ಮರಳಲಿಲ್ಲ.” ಇಲ್ಲಿ ಲಮಾರಾ ನಿಲ್ಲಿಸುತ್ತಿದ್ದಳು. ಎಡಗಣ್ಣಿನಿಂದ ಒಂದು ಹನಿ, ಬಲಗಣ್ಣಿನಿಂದ ಒಂದು. ಶಾಲಿನ ತುದಿ ಎತ್ತಿ ಒರೆಸಿಕೊಂಡು, “ಈಗ ಎರಡನೆಯ ಕೋಣೆಗೆ ಹೋಗೋಣ” ಎನ್ನುತ್ತಿದ್ದಳು. ಟೀಚರುಗಳು ಮೂಗು ಒರೆಸುತ್ತ ಹಿಂಬಾಲಿಸುತ್ತಿದ್ದರು. ಸಂದರ್ಶಕರ ಪುಸ್ತಕದಲ್ಲಿ ಅರ್ಧಕ್ಕರ್ಧ ಹೊಗಳಿಕೆ ಆ ಎರಡು ಹನಿಗೇ ಸಂದಿತ್ತು.

ಒತಿಯಾ ಏಪ್ರಿಲ್ ಮೂರರಂದು, ವ್ಯಾನು ನಿಲ್ಲುವ ಕಟ್ಟೆಯ ಮೇಲೆ ಕೂತಲ್ಲೇ ಹೃದಯ ನಿಂತು ಹೋದ. ಅವನು ವ್ಯಾನಿಗೆ ಕಾಯುತ್ತಿದ್ದಾನೆಂದು ಊರವರು ತಿಳಿದರು. ಎರಡು ವ್ಯಾನು ಬಂದು ಹೋದ ಮೇಲೆ ಯಾರಿಗೋ ಅನುಮಾನ ಬಂತು. ಒಂಬತ್ತನೆಯ ದಿನ ಲಮಾರಾ ಕೆಲಸಕ್ಕೆ ಹೋದಳು. ಪಾಠ ಎಲ್ಲೂ ತಡವರಿಸಲಿಲ್ಲ. ಮೇಜು, ಮಸಿಕುಡಿಕೆ, ಹೊಗೆಯ ಡಬ್ಬ, ಕೋಟು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದಳು. ಹನಿ ಬರಲಿಲ್ಲ. ಟೀಚರು ಕಾದಳು, ಮಕ್ಕಳು ಕಾದರು. “ಈಗ ಎರಡನೆಯ ಕೋಣೆಗೆ ಹೋಗೋಣ” ಎಂದು ಲಮಾರಾ ನಡೆದಳು. ಆಮೇಲೆ ಬಂದ ಯಾವ ಗುಂಪಿಗೂ ಅದು ಬರಲಿಲ್ಲ. ಅವಳಿಗೆ ಅದರ ದುಃಖವೂ ಆಗಲಿಲ್ಲ. ಹಲ್ಲಿನವನು ಸೂಜಿ ಚುಚ್ಚಿದ ಮೇಲೆ ತುಟಿ ತನ್ನದಲ್ಲವೆನ್ನಿಸುತ್ತದಲ್ಲ, ಹಾಗೆ ಇಡೀ ಮೈ. ಅಡಿಗೆ ಮಾಡುತ್ತಿದ್ದಳು, ಜೋಳದ ರೊಟ್ಟಿ ತಟ್ಟುತ್ತಿದ್ದಳು, ತಟ್ಟಿದ್ದು ಎರಡೆಂದು ಆಮೇಲೆ ಗೊತ್ತಾಗುತ್ತಿತ್ತು. ಒಂದನ್ನು ಕೋಳಿಗೆ ಹಾಕುತ್ತಿದ್ದಳು.

ನಲವತ್ತನೆಯ ದಿನ ಮೇ ತಿಂಗಳ ಒಂದು ಶನಿವಾರ ಬಿತ್ತು. ಶುಕ್ರವಾರ ಬೆಳಿಗ್ಗೆಯೇ ಝುಝುನಾ ಬಂದು ಒತಿಯಾನ ಬಟ್ಟೆಗಳನ್ನು ಹಾಸಿಗೆಯ ಮೇಲೆ ಜೋಡಿಸತೊಡಗಿದಳು. ಆ ಕಡೆ ನಲವತ್ತರಂದು ಸತ್ತವನ ಪ್ರಾಯದ ಗಂಡಸೊಬ್ಬನನ್ನು ಕರೆದು ತಲೆಯಿಂದ ಕಾಲಿನ ತನಕ ಬಟ್ಟೆ ಕೊಟ್ಟು ಅಲ್ಲೇ ತೊಡಿಸುತ್ತಾರೆ. ಇಲ್ಲಿ ಇವನು ತೊಟ್ಟದ್ದು ಅಲ್ಲಿ ಅವನಿಗೆ. ಇಲ್ಲಿ ಕೊಡದ್ದು ಅಲ್ಲಿ ಇಲ್ಲ. ಕೊಡಲು ಆರಿಸಿದ್ದು ಪಕ್ಕದ ಮನೆಯ ಬಿಚಿಕೋನನ್ನು. ಒತಿಯಾನಿಗಿಂತ ಹನ್ನೊಂದು ದಿನಕ್ಕೆ ದೊಡ್ಡವನು, ಒಂದು ಗೇಣು ಗಿಡ್ಡ, ನಲವತ್ತು ವರ್ಷ ಪಗಡೆ ಹಲಗೆಯ ಆಚೆಬದಿ ಕೂತು ಬೈಸಿಕೊಂಡವನು.

ಝುಝುನಾ ಹಾಸಿಗೆಯ ಮೇಲೆ ಒಬ್ಬ ಮನುಷ್ಯನನ್ನೇ ಮಲಗಿಸಿದಳು: ದಿಂಬಿನ ಮೇಲೆ ಟೋಪಿ, ಕೆಳಗೆ ಅಂಗಿ, ಬೆಲ್ಟು, ಪ್ಯಾಂಟು, ಕಾಲ್ಚೀಲ, ಕೊನೆಯಲ್ಲಿ ಕಾಗದದ ಮೇಲೆ ಬೂಟು. ಒಮ್ಮೆ ಮೇಲಿಂದ ಕೆಳಗೆ ನೋಡಿ ಸೊಂಟಕ್ಕೆ ಕೈಯಿಟ್ಟುಕೊಂಡಳು. ಕೋಟು ಎಲ್ಲಿ ಎಂದು ಕೇಳಿದಳು. ಲಮಾರಾ ಮೊಳೆಯ ಮೇಲಿದ್ದ ಹತ್ತಿ ತುಂಬಿದ ಜಾಕೀಟು ತೋರಿಸಿದಳು. ಗಡಿ ಕಾಯುವವರು ತೊಡುವಂಥದ್ದು. ಮೊಣಕೈಯಲ್ಲಿ ಎರಡು ಕಡೆ ಹತ್ತಿ ಇಣುಕುತ್ತಿತ್ತು.

“ಇದನ್ನ ತೊಡಿಸಿ ಕಳಿಸ್ತೀಯಾ ನನ್ನ ತಮ್ಮನ್ನ? ಮದುವೆ ಕೋಟು ಎಲ್ಲಿ? ಆ ನೀಲಿದು?”

ಇಪ್ಪತ್ತೈದು ವರ್ಷದಿಂದ ಝುಝುನಾ ಇದೇ ಪ್ರಶ್ನೆ ಕೇಳುತ್ತಿದ್ದಳು, ಒತಿಯಾ ಪ್ರತಿ ಸಲ ಒಂದೊಂದು ಧ್ವನಿಯಲ್ಲಿ ಒಂದೊಂದು ಉತ್ತರ ಕೊಟ್ಟು ನಗಿಸಿ ತಪ್ಪಿಸಿಕೊಳ್ಳುತ್ತಿದ್ದ. ಕೋಟು ಓದಲು ಹೋಗಿದೆ ಅಕ್ಕಾ. ಕೋಟು ಸರ್ಕಾರಿ ನೌಕರಿಯಲ್ಲಿದೆ ಅಕ್ಕಾ, ಪಿಂಚಣಿಯಾದ ಮೇಲೆ ಬರುತ್ತೆ. ಈಗ ನಗಿಸುವವನಿಲ್ಲ.

“ಮಾರ್ಕೊಂಡೆ ನೀನು,” ಎಂದಳು ಝುಝುನಾ. “ಆ ಕರೆಂಟಿಲ್ಲದ ವರ್ಷ ಮಾರ್ಕೊಂಡು ತಿಂದೆ. ನನಗೆ ಅವತ್ತೇ ಗೊತ್ತಿತ್ತು. ಬದುಕಿದ್ದಾಗಂತೂ ಚಳಿಗೆ ನಡುಗ್ದ. ಅಲ್ಲೂ ನಡುಗಲಿ ಅಂತಿದೀಯ?”

ಲಮಾರಾ ಜಾಕೀಟಿನ ಕಡೆ ನೋಡಿದಳು. ನಲವತ್ತು ದಿನದಲ್ಲಿ ಮೊದಲ ಸಲ ಅವಳಿಗೆ ಏನೋ ಒಂದು ಸ್ಪಷ್ಟವಾಗಿ ತಿಳಿಯಿತು. ದುಃಖವಲ್ಲ, ಬರೀ ತಿಳಿವಳಿಕೆ: ಅವನಿಗೆ ಚಳಿ ಆಗುತ್ತದೆ. ನಾಳೆ ಮಧ್ಯಾಹ್ನದೊಳಗೆ ಕೋಟು ಬಿಚಿಕೋನ ಮೈಮೇಲಿರಬೇಕು. ಇಲ್ಲದಿದ್ದರೆ ಆಮೇಲೆ ಎಂದಿಗೂ ಇಲ್ಲ.

“ನಾಳೆ ಇರುತ್ತೆ ಅತ್ತಿಗೆ,” ಎಂದು ಶಾಲು ಹೊದ್ದು ಕೆಲಸಕ್ಕೆ ಹೊರಟಳು.

ಕೋಟು ಎಲ್ಲಿತ್ತೆಂದು ಅವಳಿಗೆ ಗೊತ್ತಿತ್ತು. ದಿನಕ್ಕೆ ಮೂರು ಸಲ ತೋರುಗೋಲಿನಿಂದ ಅದನ್ನು ತೋರಿಸುತ್ತಿದ್ದಳು.

ತೊಂಬತ್ತಮೂರರ ಚಳಿಗಾಲ. ಕರೆಂಟಿಲ್ಲ, ಬ್ರೆಡ್ಡಿಲ್ಲ, ಬಂದೂಕು ಮಾತ್ರ ಬೇಕಾದಷ್ಟು. ಮಾರೆಖಿ ಆಗ ಕಣ್ಣಿನ ಆಪರೇಶನ್ನಿಗೆಂದು ಕುತಾಯಿಸಿ ಊರಿಗೆ ಹೋಗಿದ್ದಳು. ಒಂದು ಮಧ್ಯಾಹ್ನ ಮೂವರು ಗಡ್ಡದವರು ಮ್ಯೂಸಿಯಮ್ಮಿಗೆ ಬಂದು ಬೆಳ್ಳಿ ಕೇಳಿದರು. ಕವಿಯ ಹತ್ತಿರ ಬೆಳ್ಳಿ ಇರಲಿಲ್ಲವೆಂದು ಲಮಾರಾ ಹೇಳಿದಳು. ಮೇಜಿನ ಡ್ರಾ ಎಳೆದು ನೋಡಿ ಅವರಿಗೂ ಅದು ಖಾತ್ರಿಯಾಯಿತು. ಹೋಗುವಾಗ ಒಬ್ಬ ಬೀರು ತೆಗೆದು ಕವಿಯ ಕೋಟು ತೊಟ್ಟುಕೊಂಡು ಹೋದ. ತೋಳು ಮೊಣಕೈಯಿಂದ ನಾಲ್ಕು ಬೆರಳು ಕೆಳಗೇ ಮುಗಿಯುತ್ತಿತ್ತು, ಆದರೂ ಹೋದ. ಸಂಗ್ರಹದ ವಸ್ತು ಕಳೆದರೆ ಪಾಲಕಿಯ ತಲೆಗೆ ಬರುತ್ತದೆ. ಸರ್ಕಾರವೇ ಎಲ್ಲಿದೆಯೆಂದು ಗೊತ್ತಿರದ ಆ ವರ್ಷದಲ್ಲೂ ಲಮಾರಾ ಸರ್ಕಾರಕ್ಕೆ ಹೆದರಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಒತಿಯಾ ಸೌದೆ ತಂದು ಹಾಕಲು ಬಂದವನು ಕಥೆ ಕೇಳಿದ. ಸಂಗ್ರಹದ ವಸ್ತುಗಳ ಪಟ್ಟಿ ತೆಗೆಸಿ ಓದಿಸಿದ. ‘ನಂಬರ್ ನೂರಹದಿನಾಲ್ಕು. ಪುರುಷರ ಕೋಟು, ಉಣ್ಣೆ, ಗಾಢ ಬಣ್ಣ, ಒಂದು.’ ಅಷ್ಟೇ ಇತ್ತು. ತನ್ನ ಮೈಮೇಲಿದ್ದ ಮದುವೆಯ ಕೋಟು ಬಿಚ್ಚಿ ಹ್ಯಾಂಗರಿಗೆ ಹಾಕಿ, ಎರಡು ಹೆಜ್ಜೆ ಹಿಂದೆ ನಿಂತು, ಜಿಲ್ಲಾ ಸಂಸ್ಕೃತಿ ಇಲಾಖೆಯ ಅಧಿಕಾರಿಯ ಮೂಗಿನ ಧ್ವನಿ ತೆಗೆದು, “ಪುರುಷ ಹೌದು. ಉಣ್ಣೆ ಹೌದು. ಗಾಢವೂ ಹೌದು. ಕವಿ ಮಾತ್ರ ಅಲ್ಲ, ಅದೊಂದು ಸಣ್ಣ ಕೊರತೆ” ಎಂದ. ಲಮಾರಾ ಒಳ ಅಸ್ತರಿಗೆ ನಂಬರಿನ ಬಟ್ಟೆಯ ಚೂರು ಹೊಲಿದಳು. ಅವನು ಬರೀ ಸ್ವೆಟರಿನಲ್ಲಿ ಹಿಮದೊಳಗೆ ಮನೆಗೆ ನಡೆದ. ಆಮೇಲೆ ಯಾರೋ ಸೈನಿಕನಿಂದ ಎರಡು ಕೋಳಿ ಕೊಟ್ಟು ಆ ಹತ್ತಿ ಜಾಕೀಟು ತಂದ. ಹೊಸ ಕೋಟು ಕೊಳ್ಳುವ ಮಾತು ಪ್ರತಿ ವರ್ಷ ಬರುತ್ತಿತ್ತು, ಪ್ರತಿ ವರ್ಷ ಬೇರೇನಾದರೂ ಕೊಳ್ಳಬೇಕಾಗಿ ಬರುತ್ತಿತ್ತು.

ಮಾರೆಖಿ ವಸಂತದಲ್ಲಿ ವಾಪಸು ಬಂದಾಗ ಆಪರೇಶನ್ ಕೆಟ್ಟಿತ್ತು. ನಡುವೆ ಕರೆಂಟು ಹೋಯಿತಂತೆ. ಬೆಳಕು, ನೆರಳು, ಆಕಾರ ಮಾತ್ರ ಕಾಣುತ್ತಿತ್ತು. ಮನೆಯನ್ನು ಕೊಳ್ಳೆ ಹೊಡೆಯಲು ಬಂದಿದ್ದರೆಂದು ಕೇಳಿ ನೇರ ಬೀರಿನ ಮುಂದೆ ಹೋಗಿ ನಿಂತಳು. ಗಾಜಿನ ಹಿಂದೆ ಕಪ್ಪಗೆ ಉದ್ದಕ್ಕೆ ಒಂದು ಆಕಾರ ತೂಗುತ್ತಿತ್ತು. ಅವಳು ಲಮಾರಾಳ ಎರಡೂ ಕೆನ್ನೆಗೆ ಮುತ್ತಿಟ್ಟು, ಬೀರಿಗೆ ಬೀಗ ಜಡಿಸಿ, ಬೀಗದಕೈಯನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಅಂದಿನಿಂದ ದಿನಾ ಸಂಜೆ ಬೀರಿನ ಮುಂದೆ ನಿಂತು ಅಪ್ಪನಿಗೆ ಅವತ್ತಿನ ಸುದ್ದಿ ಹೇಳಿ, ಮಲಗು ಎಂದು ಹೇಳಿ ಹೋಗುತ್ತಿದ್ದಳು. ಗಾಜು ತೆಗೆಯುತ್ತಿರಲಿಲ್ಲ, ಹುಳ ಬಿದ್ದೀತೆಂದು.

ಕೋಟಿನ ಮುಂದೆ ಲಮಾರಾ ಮೊದಲ ಸಲ ಅತ್ತದ್ದು ಆ ವಸಂತದಲ್ಲೇ. ಪಾಠ ಹೇಳುತ್ತಿರುವಾಗ ಕಿಟಕಿಯಾಚೆ ಒತಿಯಾ ಹರಿದ ಜಾಕೀಟಿನಲ್ಲಿ ಗೇಟಿನ ಹಿಡಿ ರಿಪೇರಿ ಮಾಡುತ್ತಿದ್ದ. ಬೆರಳು ಮರಗಟ್ಟಿ ಸುತ್ತಿಗೆ ಮತ್ತೆ ಮತ್ತೆ ಬೀಳುತ್ತಿತ್ತು. ಕೋಟು ಒಳಗೆ, ಕೋಟಿನವನು ಹೊರಗೆ. ಟೀಚರು ಅದನ್ನು ಕವಿಯ ಮೇಲಿನ ಭಕ್ತಿಯೆಂದು ತಿಳಿದು ಇಲಾಖೆಗೆ ಪತ್ರ ಬರೆದಳು. ಇಲಾಖೆ ಪ್ರಶಸ್ತಿಪತ್ರ ಕಳಿಸಿತು. ಅಂದಿನಿಂದ ಅಳು ಪಾಠದ ಭಾಗವಾಯಿತು.

ಒತಿಯಾ ಪ್ರತಿ ವರ್ಷ ತನ್ನ ಹುಟ್ಟಿದ ದಿನ ಮ್ಯೂಸಿಯಮ್ಮಿಗೆ ಬರುತ್ತಿದ್ದ. ಟಿಕೆಟ್ಟಿಗೆ ಒಂದು ಲಾರಿ ಎಣಿಸಿ ಕೊಡುತ್ತಿದ್ದ (ಆ ದೇಶದ ದುಡ್ಡಿನ ಹೆಸರದು, ಚಕ್ರವಿಲ್ಲದೆಯೂ ಬೇಗ ಓಡುತ್ತದೆ). ಬಟ್ಟೆಯ ಚಪ್ಪಲಿ ಏರಿಸಿ ಗುಂಪಿನ ಹಿಂದೆ ನಿಂತು, ಪ್ರೊಫೆಸರ ಧ್ವನಿಯಲ್ಲಿ, “ಮಾನ್ಯ ಮಾರ್ಗದರ್ಶಿಯವರೇ, ಕವಿಗಳ ಭುಜ ಇಷ್ಟು ಅಗಲವಿತ್ತೇ?” ಎಂದು ಕೇಳುತ್ತಿದ್ದ. ಅವಳು ಕಣ್ಣು ಕೆಂಪಗೆ ಮಾಡಿದರೆ ಅವನೂ ಕರವಸ್ತ್ರ ತೆಗೆದು ಮೂಗು ಒರೆಸುತ್ತಿದ್ದ. ಹೋಗುವಾಗ ಕಿವಿಯಲ್ಲಿ, “ನನಗಿಂತ ನನ್ನ ಕೋಟಿಗೇ ಮರ್ಯಾದೆ ಜಾಸ್ತಿ ಕಣೇ. ಅದಕ್ಕೆ ದಿನಾ ಅಳ್ತೀಯ” ಎನ್ನುತ್ತಿದ್ದ.

ಶುಕ್ರವಾರ ಬತೂಮಿಯಿಂದ ಎರಡು ಬಸ್ಸು ಮಕ್ಕಳು ಬಂದಿದ್ದರು. ಅವರು ಹೋದ ಮೇಲೆ ಲಮಾರಾ ಹಿಂದಿನ ಕೋಣೆಗೆ ಹೋದಳು. ಮಾರೆಖಿಗೆ ಎಂಬತ್ತಾರು. ಕಿಟಕಿಯ ಬಳಿ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಬೆರಳಿನಲ್ಲೇ ತಡವಿ ಹುರುಳಿಕಾಳಿನ ಕಲ್ಲು ಆರಿಸುತ್ತಿದ್ದಳು. ಹೇಳುವುದನ್ನು ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಲಮಾರಾ ಯೋಚಿಸಿರಲಿಲ್ಲ. ಯೋಚನೆ ಮೂಡುವ ಜಾಗವೂ ಮರಗಟ್ಟಿತ್ತು. ಹಾಗಾಗಿ ಇದ್ದದ್ದು ಇದ್ದಹಾಗೆ ಬಂತು.

“ಮಾರೆಖಮ್ಮ, ಬೀರುವಿನ ಬೀಗದಕೈ ಬೇಕು.”

“ಹುಳ ಬಿತ್ತಾ?”

“ಇಲ್ಲ. ಕೋಟು ತಗೊಂಡು ಹೋಗ್ಬೇಕು. ಅದು ನಿಮ್ಮಪ್ಪಂದಲ್ಲ. ಒತಿಯಾಂದು.”

ಮಾರೆಖಿಯ ಬೆರಳು ನಿಲ್ಲಲಿಲ್ಲ. ಒಂದು ಕಲ್ಲು ಆರಿಸಿ ಕಿಟಕಿಯ ಹಲಗೆಯ ಮೇಲಿಟ್ಟಳು. ಇನ್ನೊಂದು ಸಿಕ್ಕಿತು. ಅದನ್ನೂ ಇಟ್ಟಳು.

“ಅಪ್ಪಂದು?”

ಲಮಾರಾ ಗಡ್ಡದವರ ಕಥೆ ಹೇಳಿದಳು. ಎಷ್ಟು ಹೊತ್ತಿಗೆ ಬಂದರು, ಏನು ಕೇಳಿದರು, ಯಾರು ತೊಟ್ಟರು. ತಪ್ಪಿಲ್ಲದೆ, ಪಾಠದ ಹಾಗೆಯೇ ಹೇಳಿದಳು.

“ಅವನಿಗೆ ಸರಿಹೋಯ್ತಾ?” ಎಂದು ಕೇಳಿದಳು ಮಾರೆಖಿ.

“ತೋಳು ಗಿಡ್ಡ ಆಯ್ತು.”

“ಆಗ್ಬೇಕಾದ್ದೇ.” ಇನ್ನೊಂದು ಕಲ್ಲು ಆರಿಸಿಟ್ಟು, “ಹಾಗಾದ್ರೆ ಇಷ್ಟು ವರ್ಷ ದಿನಾ ಸಂಜೆ ನಾನು ಮಾತಾಡ್ಸಿದ್ದು ನಿನ್ನ ಗಂಡನ್ನ?”

“ಹೌದು.”

“ಅಪ್ಪನಿಗೆ ಅಂತ ಅವನಿಗೆ ಏನೇನೋ ಹೇಳಿದೀನಲ್ಲೇ. ನಿನ್ನನ್ನ ಬೈದೂ ಇದೀನಿ. ನೆಲ ಒರೆಸೋದು ಕಲೀಲಿಲ್ಲ ಇವಳು ಅಂತ.”

“ಅವನಿಗೂ ಗೊತ್ತಿತ್ತು ಅದು,” ಎಂದಳು ಲಮಾರಾ.

ಮಾರೆಖಿ ನಗಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು ಮುಂದಿನ ಕೋಣೆಗೆ ನಡೆದಳು. ಬೀರಿನ ಮುಂದೆ ನಿಂತು ಬಹಳ ಹೊತ್ತು ಗಾಜಿನ ಕಡೆ ಮುಖ ಮಾಡಿದಳು. ಇನ್ನೊಂದು ಗುಂಪು ಬರುವುದಿತ್ತು. ಗೇಟಿನ ಬಳಿ ಬಸ್ಸು ನಿಂತ ಸದ್ದಾಯಿತು. ಲಮಾರಾ ಹೋಗಿ ಅವರನ್ನು ಬರಮಾಡಿಕೊಂಡಳು. ನಲವತ್ತು ನಿಮಿಷ ಪಾಠ ಹೇಳಿದಳು. ಮುದುಕಿ ಬೀರಿನ ಪಕ್ಕದಲ್ಲಿ ಹಾಗೇ ನಿಂತಿದ್ದಳು. ಮಕ್ಕಳು ಅವಳನ್ನೂ ನೋಡಿದರು. “ಕವಿಯವರು ಮರಳಲಿಲ್ಲ” ಎಂಬಲ್ಲಿಗೆ ಬಂದಾಗ ಮಾರೆಖಿ ತಲೆಯಾಡಿಸಿದಳು, ಹೌದು ಮರಳಲಿಲ್ಲ ಎಂಬಂತೆ. ಲಮಾರಾ ಹನಿ ಬಂದೀತೆಂದು ಕಾದಳು. ಬರಲಿಲ್ಲ. ಎರಡನೆಯ ಕೋಣೆಗೆ ನಡೆದಳು.

ಬಸ್ಸು ಹೋದ ಮೇಲೆ ಮಾರೆಖಿ ತಾನೇ ಬಾಯಿ ತೆರೆದಳು.

“ನಿನ್ನ ಪಾಠದಲ್ಲಿ ಒಂದು ಇಲ್ಲ. ನಾನು ಹೇಳಿರಲಿಲ್ಲ, ಅದಕ್ಕೇ ಇಲ್ಲ. ಅಪ್ಪನ್ನ ಕರ್ಕೊಂಡು ಹೋಗಿದ್ದು ಆಗಸ್ಟಲ್ಲಿ. ಅಕ್ಟೋಬರ್ ಬಂತು, ಚಳಿ ಬಿತ್ತು. ಅಮ್ಮ ಆ ಕೋಟು ಮಡಚಿ ಕೈಮೇಲೆ ಹಾಕ್ಕೊಂಡು ಜೈಲಿನ ಕಿಟಕಿ ಮುಂದೆ ಸಾಲಲ್ಲಿ ನಿಂತ್ಲು. ಹನ್ನೊಂದು ದಿನ. ಹನ್ನೊಂದನೇ ದಿನ ಕಿಟಕಿಯವನು, ಅವನಿಗೆ ಇನ್ನು ಕೋಟು ಬೇಕಾಗಲ್ಲ, ಮನೆಗೆ ಹೋಗು ಅಂದ. ಅಮ್ಮ ಅದನ್ನ ಬಿಟ್ಟುಬಿಡ್ತಾರೆ ಅಂತ ತಿಳ್ಕೊಂಡ್ಲು. ಕೋಟು ತಂದು ಮೊಳೆಗೆ ಹಾಕಿ, ಅಪ್ಪ ನಾಳೆ ಬರ್ತಾರೆ ಅಂತ ನನಗೆ ಸ್ನಾನ ಮಾಡಿಸಿದ್ಲು.”

ಅವಳು ದಾರವನ್ನು ತಲೆಯ ಮೇಲಿಂದ ಎಳೆದಳು. ಬಿಳಿ ಕೂದಲಿಗೆ ಸಿಕ್ಕಿಕೊಂಡಿತು. ಲಮಾರಾ ಬಿಡಿಸಿದಳು.

“ತಗೊಂಡು ಹೋಗು. ಒಂದು ಕೋಟಾದ್ರೂ ತಲುಪಲಿ.”

“ಬೀರು ಖಾಲಿ ಆಗುತ್ತೆ ಮಾರೆಖಮ್ಮ. ಸೋಮವಾರ ಮಕ್ಕಳು ಬರ್ತಾರೆ.”

“ಹ್ಯಾಂಗರ್ ಇರುತ್ತಲ್ಲ. ಅದನ್ನೇ ತೋರಿಸು. ಈಗ ನಾನು ಹೇಳಿದ್ದನ್ನ ಹೇಳು. ಕೆಲಸದಿಂದ ತೆಗೀತಾರೆ ಅಂತ ಹೆದರ್ಬೇಡ. ನಿನ್ನನ್ನ ತೆಗೆದ್ರೆ ನನ್ನ ಮನೆಗೆ ಇನ್ಯಾರನ್ನೂ ಒಳಗೆ ಬಿಡಲ್ಲ ನಾನು.” ಬಾಗಿಲ ಬಳಿ ಹೋದವಳು ತಿರುಗಿ, “ತಡಿ,” ಎಂದು ಬಂದು ಮೊದಲ ಸಲ ಕೋಟಿನ ತೋಳನ್ನು ಕೈಯಿಂದ ಹಿಡಿದಳು. ಬಟ್ಟೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದಳು. “ಒಳ್ಳೇ ಉಣ್ಣೆ. ಪಾಪ, ತಾಳ್ಮೆ ಇದ್ದೋನು. ಒಂದು ದಿನಾನೂ ಎದುರು ಮಾತಾಡಲಿಲ್ಲ ನಿನ್ನ ಗಂಡ.”

ಒತಿಯಾನ ಬಗ್ಗೆ ಹಾಗೆ ಹೇಳಿದವರು ಪ್ರಪಂಚದಲ್ಲಿ ಅವಳೊಬ್ಬಳೇ.

ಶನಿವಾರ ಬೆಳಿಗ್ಗೆ ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚಿ, ಮಣ್ಣಿಗೆ ವೈನು ಸುರಿದು ಬಂದರು. ಅಂಗಳದಲ್ಲಿ ಉದ್ದನೆಯ ಮೇಜು, ತಾತ್ಕಾಲಿಕ ಚಪ್ಪರ. ಹೆಂಗಸರು ಹಂಡೆಯಲ್ಲಿ ಕುರಿಮಾಂಸದ ಅನ್ನ ತಿರುವುತ್ತಿದ್ದರು. ಬಂದವರೆಲ್ಲ ಮೊದಲು ಜೇನು ಬೆರೆಸಿ ಬೇಯಿಸಿದ ಗೋಧಿಯನ್ನು ಒಂದೊಂದು ಚಮಚ ಬಾಯಿಗೆ ಹಾಕಿಕೊಂಡು ಕೂತರು. ಬಿಸಿಲು ಚೆನ್ನಾಗಿ ಏರಿತ್ತು. ಒಳಗಿನ ಕೋಣೆಯಲ್ಲಿ ಬಿಚಿಕೋ ಒಂದೊಂದೇ ತೊಡುತ್ತ ಹೋದ. ಅಂಗಿ ದೊಗಲೆ, ಪ್ಯಾಂಟು ಎರಡು ಮಡಿಕೆ, ಬೂಟಿನ ತುದಿಗೆ ಕಾಗದ ತುರುಕಿದರು. ಕೊನೆಗೆ ಲಮಾರಾ ಚೀಲದಿಂದ ಕೋಟು ತೆಗೆದಳು. ಬಾಗಿಲಲ್ಲಿ ನಿಂತಿದ್ದ ಝುಝುನಾ ಉಸಿರು ಹಿಡಿದಳು.

ಬಿಚಿಕೋ ಅಂಗಳಕ್ಕೆ ಬಂದಾಗ ಎಲ್ಲರೂ ಎದ್ದು ನಿಂತರು. ಅವನ ಕೈಗಳು ತೋಳಿನೊಳಗೆ ಎಲ್ಲೋ ಮಾಯವಾಗಿದ್ದವು. ಕೋಟು ಮೊಣಕಾಲು ದಾಟಿತ್ತು. ಇಪ್ಪತ್ತೆಂಟು ಡಿಗ್ರಿ ಸೆಖೆಯಲ್ಲಿ ಹಣೆಯಿಂದ ನೀರು ಇಳಿಯುತ್ತಿತ್ತು. ಆದರೂ ನೆಟ್ಟಗೆ ನಿಂತ, ನಲವತ್ತು ವರ್ಷದಲ್ಲಿ ಒತಿಯಾನ ಮುಂದೆ ಒಮ್ಮೆಯೂ ಹಾಗೆ ನಿಂತವನಲ್ಲ. “ಇದು ಒತಿಯಾಗೆ ತಲುಪಲಿ” ಎಂದ. ತಲುಪಲಿ ಎಂದರು ಎಲ್ಲರೂ. ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕೆಂದು ಅವನು ಕೋಟಿನ ಒಳಜೇಬಿಗೆ ಕೈ ಹಾಕಿದ. ಅಸ್ತರು ತಿರುಗಿತು. ಬಿಳಿ ಬಟ್ಟೆಯ ಚೂರಿನ ಮೇಲೆ ಮಸಿಯಲ್ಲಿ ಬರೆದ ನೂರಹದಿನಾಲ್ಕು, ಕೆಳಗೆ ಕವಿಯ ಮನೆಯ ಮೊಹರು.

ಮುಂದಿನ ಸಾಲಿನಲ್ಲಿದ್ದ ಝುಝುನಾ ಅದನ್ನು ಓದಿದಳು. ಪಕ್ಕದವಳು ಓದಿದಳು. ಮಾತು ಮೇಜಿನ ಉದ್ದಕ್ಕೂ ಸರಿದು ಹೋಗಿ ಆ ತುದಿಯಲ್ಲಿ ನಿಂತಿತು. ಎಂಟನೆಯ ತರಗತಿಯಲ್ಲಿ ಬಟ್ಟೆಯ ಚಪ್ಪಲಿ ಏರಿಸಿಕೊಂಡು ಆ ಕೋಟನ್ನು ನೋಡದಿದ್ದವರು ಅಲ್ಲಿ ಒಬ್ಬರೂ ಇರಲಿಲ್ಲ.

“ಇದೇನು ಲಮಾರಾ?” ಎಂದಳು ಝುಝುನಾ.

ಲಮಾರಾ ಬಿಚಿಕೋನ ಪಕ್ಕಕ್ಕೆ ಹೋಗಿ ನಿಂತಳು. ಈಗಲಾದರೂ ಹೆಂಡತಿ ಅಳಬೇಕು, ಒತಿಯಾನನ್ನು ಹೆಸರು ಹಿಡಿದು ಕರೆಯಬೇಕು ಎಂದು ಎಲ್ಲರೂ ಕಾದರು. ಅವಳೂ ಕಾದಳು. ಆಮೇಲೆ ಬಲಗೈ ತಾನಾಗಿ ಮೇಲೆದ್ದಿತು. ತೋರುಗೋಲು ಇರಲಿಲ್ಲ; ಬೆರಳೇ ಸಾಕಾಯಿತು.

“ಗಮನವಿಟ್ಟು ನೋಡಿ. ನಿಮ್ಮ ಮುಂದೆ ಇರುವುದು ಪುರುಷರ ಕೋಟು. ಉಣ್ಣೆ, ಗಾಢ ನೀಲಿ. ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ ಒಜುರ್ಗೆತಿಯ ದರ್ಜಿಯೊಬ್ಬರು ಮದುವೆಗಾಗಿ ಹೊಲಿದದ್ದು. ಮೂರನೆಯ ಗುಂಡಿ ಬೇರೆ ಬಣ್ಣದ್ದು. ಅದನ್ನು ಹಾಕಿದ್ದು ಹೆಂಡತಿ. ಇದರ ಮಾಲೀಕರು ಇದನ್ನು ಹತ್ತು ಚಳಿಗಾಲ ತೊಟ್ಟರು. ಹನ್ನೊಂದನೆಯ ಚಳಿಗಾಲದಲ್ಲಿ ಬಂದೂಕು ಹಿಡಿದವರು ಕವಿಯ ಕೋಟನ್ನು ಒಯ್ದಾಗ, ಹೆಂಡತಿಗೆ ತೊಂದರೆಯಾಗದಿರಲೆಂದು ಇವರು ಇದನ್ನು ಬಿಚ್ಚಿ ಆ ಜಾಗದಲ್ಲಿ ಹಾಕಿದರು. ಆಮೇಲೆ ಇಪ್ಪತ್ತೈದು ಚಳಿಗಾಲ ಇದಿಲ್ಲದೆ ಇದ್ದರು. ಪ್ರತಿ ವರ್ಷ ಹುಟ್ಟಿದ ದಿನ ಟಿಕೆಟ್ ಕೊಂಡು ಇದನ್ನು ನೋಡಲು ಬರುತ್ತಿದ್ದರು. ರಿಯಾಯಿತಿ ಕೇಳಲಿಲ್ಲ. ಮಾರ್ಗದರ್ಶಿ ಇದರ ಮುಂದೆ ದಿನಾ ಅಳುತ್ತಿದ್ದರು.”

ಇಲ್ಲಿ ಅವಳು ನಿಲ್ಲಿಸಿದಳು, ನಿಲ್ಲಿಸುವ ಜಾಗವಾದ್ದರಿಂದ. ಕಣ್ಣು ಒಣಗಿಯೇ ಇತ್ತು.

“ಪ್ರಶ್ನೆಗಳಿದ್ದರೆ ಕೇಳಬಹುದು,” ಎಂದಳು.

ಝುಝುನಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ನಲ್ಲಿಯಿಂದ ಬಂದಂತೆ ಕಣ್ಣೀರು ಸುರಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

“ಅವನಿಗೆ ಚಳಿ ಆಗ್ತಿತ್ತಾ?”

“ಆಗ್ತಿತ್ತು ಅತ್ತಿಗೆ. ಹೇಳ್ತಿರಲಿಲ್ಲ.”

ಝುಝುನಾ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಬಿಚಿಕೋ, ಬೂಟಿನ ಮೇಲೆ ತೊಟ್ಟಿಕ್ಕುತ್ತಿದ್ದ ಬೆವರು ನೋಡಿಕೊಳ್ಳುತ್ತ, ಇನ್ನು ತೆಗೆಯಬಹುದೇ ಎಂದು ಮೆಲ್ಲಗೆ ಕೇಳಿದ.

“ಇನ್ನೂ ಸ್ವಲ್ಪ ಹೊತ್ತು ಹಾಕ್ಕೊಂಡಿರು,” ಎಂದಳು ಝುಝುನಾ. “ಊಟ ಆಗ್ಲಿ.”

ಬಿಚಿಕೋ ಕೋಟಿನಲ್ಲೇ ಮೇಜಿನ ತಲೆದೆಸೆಯಲ್ಲಿ ಕೂತ. ತೋಳು ತಟ್ಟೆಗೆ ತಾಗುತ್ತಿತ್ತು. ಲಮಾರಾ ಪಕ್ಕದಲ್ಲಿ ಬಗ್ಗಿ ಅವನ ತೋಳುಗಳನ್ನು ಎರಡೆರಡು ಮಡಿಕೆ ಮಡಚಿದಳು. ಆಮೇಲೆ, ಅಷ್ಟು ಬಿಸಿಲಿನಲ್ಲಿ, ಕುತ್ತಿಗೆಯ ಹತ್ತಿರ ತೆರೆದಿದ್ದ ಮೇಲಿನ ಗುಂಡಿಯನ್ನೂ ಹಾಕಿದಳು.